ಮುಂಚಕ್ರದ ಬ್ರೇಕ್ ಪ್ಯಾಡ್: ಮನೆಯಂಗಳದಲ್ಲೇ ಬದಲಿಸುವುದು ಹೇಗೆ?

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ತುಳಿಯಬೇಕಾಗುತ್ತದೆ. ತುಳಿದಾಗಲೆಲ್ಲ ಮುಂದಿನ ಚಕ್ರದಿಂದ ‘ಕೀಂಯ್’ ಎಂಬ ಸದ್ದು ಬರುತ್ತಿದ್ದರೆ ಧೂಳಿರಬೇಕು ಎಂದು ಸುಮ್ಮನಾಗಬೇಡಿ. ಅನೇಕ ಪ್ಯಾಡ್‌ಗಳಲ್ಲಿ ಉಕ್ಕಿನ ಸಣ್ಣ ತಗಡೊಂದು ಇರುತ್ತದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದನ್ನು ಇಟ್ಟಿರುತ್ತಾರೆ.

ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು, ಬೇಗ ಸವೆಯುವುದೂ ಅದೇ. ಸ್ಟೆಪ್ನಿ ಬದಲಿಸಿ ಅಭ್ಯಾಸವಿದ್ದು, ಭಾನುವಾರ ಮೂರು ಗಂಟೆ ಬಿಡುವಿದ್ದರೆ ಈ ಕೆಲಸವನ್ನು ನೀವೇ ಮಾಡಿಕೊಳ್ಳಬಹುದು. ಆತುರ ಮಾತ್ರ ಬೇಡ.

ಯಾವಾಗ ಬದಲಿಸಬೇಕು?

ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ದಪ್ಪವಿರುತ್ತದೆ. ಅದು 3 ಮಿ.ಮೀ.ಗೆ ಇಳಿದರೆ ಬದಲಿಸಿಬಿಡಿ. ಕಿರುಚುವ ಸದ್ದು ಹೋಗಿ ‘ಕರಕರ’ ಕೆರೆಯುವ ಸದ್ದು ಶುರುವಾದರೆ ಪದರವೇ ಮುಗಿದು ಕಬ್ಬಿಣದ ತಟ್ಟೆ ಡಿಸ್ಕನ್ನು ತಿನ್ನುತ್ತಿದೆ ಎಂದರ್ಥ. ಎಡ-ಬಲ ಎರಡೂ ಚಕ್ರಗಳ ನಾಲ್ಕೂ ಪ್ಯಾಡ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ.

ಏನೇನು ಬೇಕು?

ನಿಮ್ಮ ಮಾಡೆಲ್‌ಗೆ ಹೊಂದುವ ಪ್ಯಾಡ್ ಸೆಟ್, ಜಾಕ್, ಜಾಕ್ ಸ್ಟ್ಯಾಂಡ್, ವೀಲ್ ಸ್ಪ್ಯಾನರ್, ರಿಂಗ್ ಸ್ಪ್ಯಾನರ್ ಸೆಟ್, ದೊಡ್ಡ ಸಿ-ಕ್ಲ್ಯಾಂಪ್, ಬ್ರೇಕ್ ಕ್ಲೀನರ್, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್, ತಂತಿ, ಕೈಗವಸು, ಮಾಸ್ಕ್.

ಹಂತ ಹಂತವಾಗಿ

1. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಈಗಷ್ಟೇ ಓಡಿಸಿದ್ದರೆ ಡಿಸ್ಕ್ ತಣಿಯಲಿ.

2. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ತುಸು ಸಡಿಲಿಸಿ. ಆಮೇಲೆ ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ತಳ್ಳಿಡಿ. ಸ್ಟ್ಯಾಂಡ್ ಜಾರಿದರೂ ಅದು ತಡೆಯುತ್ತದೆ.

3. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಜೋಡಣೆಯಲ್ಲಿ ಗೊಂದಲವಾದರೆ ಬಿಚ್ಚದ ಬದಿಯೇ ನಿಮಗೆ ನಕ್ಷೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

4. ಹೆಚ್ಚಿನ ಸಣ್ಣ ಕಾರುಗಳಲ್ಲಿ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದರೆ ಅದನ್ನು ಮೇಲಕ್ಕೆ ಮಡಚಬಹುದು. ಎರಡೂ ಬೋಲ್ಟ್ ತೆಗೆಯಬೇಕಾದರೆ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ರಬ್ಬರ್ ಪೈಪಿನ ಮೇಲೆ ಅದರ ಭಾರ ಬೀಳಕೂಡದು.

5. ಹಳೆಯ ಪ್ಯಾಡ್ ಹೊರತೆಗೆದು ಹೊಸದರ ಪಕ್ಕ ಇಟ್ಟು ನೋಡಿ. ಆಕಾರ ಒಂದೇ ಇರಬೇಕು. ಒಳಗಿನದು ಹೊರಗಿನದಕ್ಕಿಂತ ತೀರಾ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡಿರಬಹುದು. ಪಿನ್ ಒರೆಸಿ ಸಿಲಿಕೋನ್ ಗ್ರೀಸ್ ಸವರಿ.

6. ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಹಾನಿಕರ. ಬ್ರೇಕ್ ಕ್ಲೀನರ್ ಸಿಂಪಡಿಸಿ ಬಟ್ಟೆಯಿಂದ ಒರೆಸಿ. ಡಿಸ್ಕಿನಲ್ಲಿ ಬಿರುಕು, ಉಗುರಿಗೆ ಸಿಕ್ಕುವಷ್ಟು ಆಳದ ಗೀರು ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

7. ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದೆ ಸರಿಯಬೇಕು. ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಪಿಸ್ಟನ್ ಮೇಲೆ ಹಳೆಯ ಪ್ಯಾಡ್ ಇಟ್ಟು ಸಿ-ಕ್ಲ್ಯಾಂಪನ್ನು ನಿಧಾನಕ್ಕೆ ಬಿಗಿಯಿರಿ. ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ತುಂಬಿ ಚೆಲ್ಲದಂತೆ ನೋಡಿಕೊಳ್ಳಿ, ಚೆಲ್ಲಿದರೆ ಬಣ್ಣ ಕಿತ್ತುಹೋಗುತ್ತದೆ.

8. ಹೊಸ ಪ್ಯಾಡ್‌ಗಳನ್ನು ಕ್ಲಿಪ್ಪಿನಲ್ಲಿ ಕೂರಿಸಿ. ಸದ್ದು ಮಾಡುವ ತಗಡು ಹಳೆಯದರಲ್ಲಿ ಯಾವ ಕಡೆ ಇತ್ತೋ ಅದೇ ಕಡೆ ಬರಲಿ. ಉಜ್ಜುವ ಮುಖಕ್ಕೆ ಗ್ರೀಸಿನ ಕೈ ತಾಗಲೇಬಾರದು. ಕ್ಯಾಲಿಪರ್ ಬೋಲ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿಯಿರಿ. ಚಕ್ರ ಹಾಕಿ, ಕಾರು ಇಳಿಸಿ, ನಟ್‌ಗಳನ್ನು ಎದುರು-ಬದುರಾಗಿ ಬಿಗಿ ಮಾಡಿ.

ಹೊರಡುವ ಮುನ್ನ

ಇಡೀ ಕೆಲಸದಲ್ಲಿ ಮರೆತರೆ ಪ್ರಾಣಕ್ಕೇ ಕುತ್ತಾಗುವ ಹಂತ ಇದು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಸಲ ಬ್ರೇಕ್ ತುಳಿದಾಗ ಪೆಡಲ್ ನೆಲಕ್ಕೇ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ನಿಂತಲ್ಲೇ, ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ತುಳಿಯಿರಿ. ಬಳಿಕ ಆಯಿಲ್ ಮಟ್ಟ ನೋಡಿ ಮುಚ್ಚಳ ಬಿಗಿ ಮಾಡಿ. ಕಡಿಮೆ ಇದ್ದರೆ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಿ.

ಹೊಸ ಪ್ಯಾಡ್ ಡಿಸ್ಕಿಗೆ ಒಗ್ಗಬೇಕು. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ. ನಡುವೆ ತಣಿಯಲು ಬಿಟ್ಟು ಹತ್ತು ಸಲ ಹೀಗೆ ಮಾಡಿ. ಮೊದಲ ಕೆಲವು ದಿನ ಮುಂದಿನ ವಾಹನದಿಂದ ಹೆಚ್ಚು ಅಂತರವಿರಲಿ.

ಪೆಡಲ್ ಮೆತ್ತಗೇ ಉಳಿದರೆ, ಪಿಸ್ಟನ್ ಸುತ್ತ ಆಯಿಲ್ ಜಿನುಗುತ್ತಿದ್ದರೆ ಅಥವಾ ಕಾರು ಒಂದು ಕಡೆ ಎಳೆದರೆ ರಸ್ತೆಗಿಳಿಯಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಎಲ್ಲ ಸರಿಯಿದ್ದರೆ, ಮುಂದಿನ ಸಲ ಘಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಬ್ರೇಕಿನ ಅರ್ಧ ಭಾರವನ್ನು ಎಂಜಿನ್ ಹೊರಲಿ. ನೀವು ಹಾಕಿದ ಪ್ಯಾಡ್ ಹೆಚ್ಚು ದಿನ ಬಾಳುತ್ತದೆ.