ಕಿರೀಟ ಒಬ್ಬನಿಗೆ, ಪ್ರೀತಿ ಎಲ್ಲರಿಗೆ

ಓದತಕ್ಕ ವೇದಭಾಗಗಳು: 1 ಕೊರಿಂಥ 9:24–27; ರೋಮಾ 5:6–8; ಲೂಕ 15:11–24.

ನಾಲ್ಕು ವರುಷಗಳಿಗೊಮ್ಮೆ ಲೋಕದ ನಾನಾ ದೇಶಗಳ ಆಟಗಾರರು ಒಂದು ಪಟ್ಟಣದಲ್ಲಿ ಕೂಡಿ ಓಟ, ನೆಗೆತ, ಈಜು, ಕುಸ್ತಿ ಮುಂತಾದವುಗಳಲ್ಲಿ ತಮ್ಮ ಬಲವನ್ನು ಪರೀಕ್ಷಿಸಿಕೊಳ್ಳುವರು. ಇವುಗಳಿಗೆ ಒಲಿಂಪಿಕ್ ಕ್ರೀಡೆಗಳೆಂದು ಹೆಸರು. ನಮ್ಮ ಹಳ್ಳಿಗಳ ಯೌವನಸ್ಥರೂ ಇವುಗಳ ಸುದ್ದಿಯನ್ನು ಆಸೆಯಿಂದ ಕೇಳುವರು. ಇದು ಬರೀ ಲೋಕದ ಸಂಗತಿಯಲ್ಲವೇ, ಇದರಿಂದ ವಿಶ್ವಾಸಿಗಳಿಗೆ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಆದರೆ ಅಪೊಸ್ತಲನಾದ ಪೌಲನು ಓಟದ ಬೈಲಿನ ಮಾತನ್ನೆತ್ತಿ ಸಭೆಗೆ ಉಪದೇಶಿಸಲು ಹಿಂಜರಿಯಲಿಲ್ಲ. ನಾವೂ ಈ ಆಟಗಳ ಮೂಲಕ, ದೇವರ ಪ್ರೀತಿಯು ಮನುಷ್ಯರು ಕೊಡುವ ಬಹುಮಾನಕ್ಕಿಂತ ಎಷ್ಟು ಬೇರೆಯಾದದ್ದೆಂಬದನ್ನು ವಿಚಾರಿಸೋಣ.

1. ಬಾಡುವ ಕಿರೀಟ

ಗ್ರೀಸ್ ದೇಶದ ಒಲಿಂಪಿಯದಲ್ಲಿ ಈ ಆಟಗಳು ಕ್ರಿ. ಪೂ. 776ರಲ್ಲಿ ಆರಂಭವಾದವೆಂದು ರೂಢಿಯ ಲೆಕ್ಕವಿರುವದು. ಅಲ್ಲಿ ಗೆದ್ದವನ ತಲೆಗೆ ಎಣ್ಣೆಮರದ ಕೊಂಬೆಯಿಂದ ಕಟ್ಟಿದ ಕಿರೀಟವನ್ನಿಡುತ್ತಿದ್ದರು. ಕೊರಿಂಥ ಪಟ್ಟಣದ ಸಮೀಪದಲ್ಲಿಯೂ ಇಂಥ ಆಟಗಳು ಎರಡು ವರುಷಗಳಿಗೊಮ್ಮೆ ನಡೆಯುತ್ತಿದ್ದವು. ಅಲ್ಲಿಯ ಕಿರೀಟವು ಎಲೆಗಳದ್ದು, ಕೆಲವು ಕಾಲದಲ್ಲಿ ಒಣಗಿದ ಸೊಪ್ಪಿನದ್ದು. ಆದದರಿಂದ ಬಾಡುವ ಕಿರೀಟವೆಂದರೇನೆಂಬದು ಕೊರಿಂಥದವರಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯವನಾಗಿ ಬಂದವನಿಗೆ ಕಿರೀಟವೇ ಇರಲಿಲ್ಲ. 1896ರಲ್ಲಿ ಅಥೇನೆ ಪಟ್ಟಣದಲ್ಲಿ ಈ ಕ್ರೀಡೆಗಳು ತಿರಿಗಿ ಸ್ಥಾಪಿಸಲ್ಪಟ್ಟವು. ಈಗ ಮೂವರಿಗೆ ಪದಕಗಳುಂಟು. ಉಳಿದವರು ಬರಿಗೈಯಿಂದಲೇ ಮನೆಗೆ ಹೋಗುವರು.

ಆಟದಲ್ಲಿ ಇದು ನ್ಯಾಯವೇ. ಆದರೆ ದೇವರೂ ಹೀಗೆಯೇ ಗೆದ್ದವರನ್ನು ಮಾತ್ರ ಪ್ರೀತಿಸುವನೆಂದು ನಾವು ನೆನಸಿದರೆ ಸುವಾರ್ತೆಯನ್ನೇ ಕಳಕೊಳ್ಳುವೆವು. ನಾವು ಬಲಹೀನರೂ ಪಾಪಿಗಳೂ ಆಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಸತ್ತನೆಂದು ಪೌಲನು ರೋಮಾಪುರದವರಿಗೆ ಬೋಧಿಸಿದನು. ನಾವು ಓಡುವದಕ್ಕೆ ಮುಂಚೆಯೇ ಆತನು ನಮ್ಮನ್ನು ಪ್ರೀತಿಸಿದನು.

2. ಕೂಡಿಬಂದ ಜನಾಂಗಗಳು

ಜನಾಂಗಗಳು ಒಂದು ಬೈಲಿನಲ್ಲಿ ಕೂಡುವದು ಒಳ್ಳೇದು. 1936ರಲ್ಲಿ ಬರ್ಲಿನ್ ಪಟ್ಟಣದಲ್ಲಿ ಕ್ರೀಡೆಗಳು ನಡೆದಾಗ, ತಮ್ಮ ಕುಲವೇ ಶ್ರೇಷ್ಠವೆಂದು ಸಾರುತ್ತಾ ಯೆಹೂದ್ಯರನ್ನು ಹಿಂಸಿಸುತ್ತಿದ್ದವರು ಆ ದೇಶವನ್ನು ಆಳುತ್ತಿದ್ದರು. ಅಲ್ಲಿ ಅಮೇರಿಕದ ಕರಿಯ ಜನರಲ್ಲಿ ಒಬ್ಬನಾದ ಜೆಸ್ಸಿ ಓವೆನ್ಸನು ನಾಲ್ಕು ಚಿನ್ನದ ಪದಕಗಳನ್ನು ಪಡೆದನು. ಉದ್ದ ನೆಗೆತದಲ್ಲಿ ಅವನಿಗೆ ಸೋತ ಜರ್ಮನಿಯ ಲುಟ್ಸ್ ಲಾಂಗನು ಎಲ್ಲರ ಕಣ್ಣೆದುರಿನಲ್ಲಿ ಅವನನ್ನು ಅಭಿನಂದಿಸಿ, ತೋಳಿಗೆ ತೋಳು ಸೇರಿಸಿ ನಡೆದನು. ಆದರೂ ಮೂರು ವರುಷಗಳಾದ ಮೇಲೆ ಯುದ್ಧ ಹುಟ್ಟಿತು. 1943ರಲ್ಲಿ ಲಾಂಗನು ಆ ಯುದ್ಧದಲ್ಲಿಯೇ ಸತ್ತನು. 1916, 1940, 1944ರ ಕ್ರೀಡೆಗಳು ಯುದ್ಧಗಳ ನಿಮಿತ್ತ ನಡೆಯಲೇ ಇಲ್ಲ.

ಇದರಿಂದ ತಿಳಿಯುವದೇನು? ಆಟವು ಜನರನ್ನು ಹತ್ತಿರಕ್ಕೆ ತರಬಲ್ಲದು, ಹೃದಯವನ್ನು ಹೊಸದಾಗಿ ಮಾಡಲಾರದು. ಕುಲದ ಗರ್ವವನ್ನು ಮುರಿಯುವದು ಶಿಲುಬೆಯೇ. ಆದರೆ ನಮ್ಮ ಸಭೆಗಳನ್ನೇ ನೋಡೋಣ. ಕರ್ತನ ಮೇಜಿನ ಬಳಿಯಲ್ಲಿ ಕೂಡಿದವರು ಮದುವೆಯ ಮಾತು ಬಂದಾಗ, ಇವನು ಯಾವ ಕುಲದಿಂದ ಬಂದವನೆಂದು ಪಿಸುಗುಟ್ಟುವದಿಲ್ಲವೋ? ಹಾಗಿದ್ದರೆ ಆ ಬೈಲಿನಲ್ಲಿ ತೋಳು ಸೇರಿಸಿ ನಡೆದ ಇಬ್ಬರು ನಮ್ಮನ್ನು ನಾಚಿಕೆಪಡಿಸುವರು.

3. ಇಳಿದು ಬಂದ ತಂದೆ

1992ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನದಲ್ಲಿ ಇಂಗ್ಲೆಂಡಿನ ಡೆರೆಕ್ ರೆಡ್ಮಂಡನು 400 ಮೀಟರ್ ಓಟದಲ್ಲಿ ಓಡುತ್ತಿದ್ದಾಗ ಅವನ ತೊಡೆಯ ನರವು ಹರಿಯಿತು. ಉಳಿದವರು ಮುಂದೆ ಹೋದರು. ಅವನು ನೋವಿನಿಂದ ಬಿದ್ದು, ಎದ್ದು, ಒಂಟಿಕಾಲಿನಲ್ಲಿ ಕುಂಟುತ್ತಾ ಸಾಗಿದನು. ಆಗ ಪ್ರೇಕ್ಷಕರ ನಡುವೆ ಕೂತಿದ್ದ ಅವನ ತಂದೆಯು, ತಡೆಯಬಂದ ಕಾವಲುಗಾರರನ್ನು ಸರಿಸಿ ಬೈಲಿಗೆ ಇಳಿದು ಬಂದನು. ಮಗನು ತಂದೆಯ ಹೆಗಲಿಗೆ ಒರಗಿ ಅತ್ತನು. ಇಬ್ಬರೂ ಕೂಡಿ ಗೆರೆಯನ್ನು ದಾಟಿದರು. ಫಲಿತಾಂಶದ ಪಟ್ಟಿಯಲ್ಲಿ ಆ ಓಟ ಪೂರ್ತಿಯಾದದ್ದೆಂದು ಎಣಿಸಲ್ಪಡಲಿಲ್ಲ. ಆದರೂ ಗೆದ್ದವನ ಹೆಸರನ್ನು ಮರೆತವರು ಆ ತಂದೆಯನ್ನು ಮರೆತಿಲ್ಲ.

ತಪ್ಪಿಹೋದ ಮಗನು ಇನ್ನೂ ದೂರದಲ್ಲಿರುವಾಗಲೇ ಓಡಿಬಂದ ತಂದೆಯ ಸಾಮ್ಯವನ್ನು ನಮ್ಮ ಕರ್ತನು ಹೇಳಿದನಷ್ಟೆ. ದೇವರು ಮೇಲೆ ಕೂತು ನಮ್ಮ ಸೋಲನ್ನು ಬರೆದಿಡಲಿಲ್ಲ. ತನ್ನ ಮಗನಲ್ಲಿ ನಮ್ಮ ಬಳಿಗೆ ಇಳಿದು ಬಂದನು. ಬೆಳೆ ಕೆಟ್ಟುಹೋದ ವರುಷ, ದೇವರು ನನ್ನನ್ನು ಕೈಬಿಟ್ಟನೆಂದು ಹೇಳುವ ಸಹೋದರನೇ, ಸೋಲು ಬೇರೆ, ತಳ್ಳಿಬಿಡಲ್ಪಡುವದು ಬೇರೆ. ಪರೀಕ್ಷೆಯಲ್ಲಿ ತಪ್ಪಿದ ಮಗನಿಗೆ ಮುಖ ತೋರಿಸದ ತಂದೆಯೇ, ಪರಲೋಕದ ತಂದೆಯು ನಿನ್ನೊಡನೆ ಹಾಗೆ ನಡೆದನೋ?

4. ಪ್ರೀತಿ ಹೊಂದಿದವನ ಓಟ

ಹಾಗಾದರೆ ಸುಮ್ಮನೆ ಕೂತಿರಬಹುದೋ? ಕೂಡದು. ಪೌಲನು ತನ್ನ ದೇಹವನ್ನು ಅಂಕೆಯಲ್ಲಿಟ್ಟುಕೊಂಡು ಓಡಿದನು. ಸ್ಕಾಟ್ಲೆಂಡಿನ ಮಿಶನರಿಗಳ ಮಗನಾಗಿ ಚೀನಾದಲ್ಲಿ ಹುಟ್ಟಿದ ಎರಿಕ್ ಲಿಡೆಲನು 1924ರ ಪ್ಯಾರಿಸಿನ ಕ್ರೀಡೆಗಳಲ್ಲಿ, 100 ಮೀಟರ್ ಓಟದ ಮೊದಲ ಸುತ್ತು ಕರ್ತನ ದಿನದಲ್ಲಿ ಬಿದ್ದದ್ದರಿಂದ ಅದನ್ನು ಬಿಟ್ಟುಬಿಟ್ಟನು. ತರುವಾಯ 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಗೆದ್ದನು. ಮಾರನೆಯ ವರುಷವೇ ಕೀರ್ತಿಯನ್ನು ಹಿಂದೆ ಬಿಟ್ಟು ಚೀನಾ ದೇಶಕ್ಕೆ ಸುವಾರ್ತಾಸೇವೆಗೆ ಹೋದನು. 1943ರಲ್ಲಿ ಜಪಾನಿನವರು ಅವನನ್ನು ಸೆರೆಶಿಬಿರದಲ್ಲಿಟ್ಟರು. ಅಲ್ಲಿ ತಂದೆತಾಯಿಗಳಿಂದ ಅಗಲಿದ ಮಕ್ಕಳಿಗೆ ಅವನು ಪಾಠವನ್ನೂ ಆಟವನ್ನೂ ಕಲಿಸಿದನು. ಭಾನುವಾರ ಮಕ್ಕಳು ತಾವೇ ಆಡಹೋಗಿ ಜಗಳವಾಡಿದ್ದನ್ನು ಕಂಡು, ಚಿನ್ನಕ್ಕಾಗಿ ಆ ದಿನ ಓಡದಿದ್ದವನು ಮಕ್ಕಳಿಗಾಗಿ ಆ ದಿನ ಬೈಲಿಗಿಳಿದು ನಡುವೆ ನಿಂತನೆಂದು ಅವನ ಜೀವನಚರಿತ್ರೆ ಬರೆದವರು ಹೇಳುವರು. 1945ರ ಫೆಬ್ರವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು. ತನ್ನ ಹೆಸರಿಗಾಗಿ ನಿಯಮವನ್ನು ಸಡಿಲಿಸದವನು ಚಿಕ್ಕವರಿಗಾಗಿ ಸಡಿಲಿಸಿದನು. ದೇವರ ಪ್ರೀತಿಯನ್ನು ಗಳಿಸಲಿಕ್ಕೆ ಓಡುವವನು ಹಾಗೆ ಮಾಡಲಾರನು; ಅದನ್ನು ಹೊಂದಿ ಓಡುವವನೇ ಮಾಡುವನು.

ಮನೆಯ ಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಾವು ದೇವರ ಪ್ರೀತಿಯನ್ನು ಕೂಲಿಯೆಂದು ಎಣಿಸುತ್ತೇವೋ, ವರವೆಂದೋ?
2. ನಮ್ಮ ಸಭೆಯಲ್ಲಿ ಹಿಂದೆ ಬಿದ್ದವರು ಯಾರು? ಈ ವಾರ ಅವರ ಬಳಿಗೆ ಇಳಿದು ಹೋಗುವವರು ಯಾರು?
3. ಕುಲದ ಯಾವ ಗರ್ವವನ್ನು ನಾವು ಇನ್ನೂ ಶಿಲುಬೆಯ ಬಳಿಯಲ್ಲಿ ಬಿಟ್ಟಿಲ್ಲ?