ಮಗು ನೋಡುವ ಕಡೆ

ಪ್ರೀತಿಯ ಮಗಳೇ,

ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿ ಹೋಗುತ್ತಿದ್ದಾರೆಂದು ಬರೆದಿದ್ದೀಯ. ತಾಯಿ ಕೆಲಸಕ್ಕೆ ಹೋಗಿದ್ದರಿಂದಲೇ ಹೀಗಾಯಿತು ಎಂಬ ಮಾತು ನಿನ್ನನ್ನು ಬಹಳ ಕೊರೆಯುತ್ತಿದೆ. ಮೊದಲು ಆ ಮುಳ್ಳು ತೆಗೆಯೋಣ.

ಒಂದು ಕಾಲದಲ್ಲಿ ವಿದ್ವಾಂಸರೇ ಈ ಆರೋಪ ಹೊರಿಸಿದ್ದರು. ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ ಹನ್ನೊಂದು ಮಕ್ಕಳನ್ನು ಕುರಿತು ಪ್ರಬಂಧ ಬರೆದದ್ದು 1943ರಲ್ಲಿ. ಮುಂದೆ ಅಮೆರಿಕದಲ್ಲಿ, ಅಮ್ಮಂದಿರಿಗೆ ಮಮತೆ ಸಾಲದ್ದರಿಂದಲೇ ಮಕ್ಕಳು ಹೀಗಾಗುತ್ತಾರೆಂಬ ವಾದ ಹಬ್ಬಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದು ಅದನ್ನು ಸಾರಿದರು. ಆದರೆ ಆಟಿಸಂ ಇದ್ದ ಹುಡುಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಆ ವಾದವನ್ನು ಆಧಾರಸಮೇತ ತಳ್ಳಿಹಾಕಿದ್ದರು. ಆಟಿಸಂ ಎಂಬುದು ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ವಂಶವಾಹಿಗಳ ಪಾಲು ಇದರಲ್ಲಿ ದೊಡ್ಡದು. ಲಸಿಕೆಯೂ ಕಾರಣವಲ್ಲ; ಅದನ್ನು ದೂರಿದ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಮಗುವಿನ ಚುಚ್ಚುಮದ್ದು ತಪ್ಪಿಸಬೇಡ.

ಇನ್ನು, ಮಗುವಿನ ಹತ್ತಿರ ಹೋಗುವುದು ಹೇಗೆ?

ಹುಡುಗನೊಬ್ಬ ಆಟದ ಕಾರುಗಳನ್ನು ಸಾಲಾಗಿ ಜೋಡಿಸುತ್ತಿದ್ದಾನೆ ಎನ್ನೋಣ. ಮನೆಯವರು ಗದ್ದ ಹಿಡಿದು ತಮ್ಮ ಕಡೆ ತಿರುಗಿಸುತ್ತಾರೆ: "ಇಲ್ಲಿ ನೋಡು, ಇದು ಯಾವ ಬಣ್ಣ ಹೇಳು." ಅವನು ಕಿರುಚಿ ಓಡುತ್ತಾನೆ. ಅದರ ಬದಲು ಅಪ್ಪ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಮುಂದಿನ ಕಾರನ್ನು ಅಂಗೈಯಲ್ಲಿ ಹಿಡಿದು, "ಕೆಂಪು ಕಾರು" ಎಂದಷ್ಟೇ ಹೇಳಿ ಸುಮ್ಮನಾದರೆ? ಮಗು ಕೈ ಚಾಚಬಹುದು, ಓರೆಗಣ್ಣಿನಲ್ಲಿ ನೋಡಬಹುದು. ಅದೂ ಮಾತೇ. ದೊಡ್ಡವರಿಗೆ ಅತಿ ಕಷ್ಟವಾಗುವುದು ಆ ಸುಮ್ಮನಿರುವ ಭಾಗ.

ಹೀಗೆ ಮಗುವಿನ ಆಟಕ್ಕೆ ಜೊತೆಯಾಗುವ ರೀತಿಯನ್ನು ಪರೀಕ್ಷಿಸಿಯೂ ನೋಡಿದ್ದಾರೆ, ಅದೂ ನಮ್ಮ ನೆರೆಯ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ. 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 65 ಮಕ್ಕಳಿದ್ದರು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಪೋಷಕರ ಜೊತೆ ಮಗು ಆಡುವುದನ್ನು ವಿಡಿಯೊ ಮಾಡಿ, ಆಮೇಲೆ ಪೋಷಕರೊಂದಿಗೆ ಕೂತು ನೋಡುತ್ತಿದ್ದರು. ಮಗು ತಾನಾಗಿ ಏನನ್ನು ತಿಳಿಸಲು ಹೊರಟಿತು, ದೊಡ್ಡವರು ಅದಕ್ಕೆ ಹೇಗೆ ಸ್ಪಂದಿಸಿದರು ಎಂಬುದರ ಮೇಲೇ ಅವರ ಗಮನ. ಪೋಷಕರು ಮಗುವಿನ ಆಟಕ್ಕೆ ಹೊಂದಿಕೊಂಡು ಮಾತಾಡುವುದು ಹೆಚ್ಚಿತು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ದೊಡ್ಡ ನಗರದ ದುಬಾರಿ ಕೇಂದ್ರಕ್ಕೆ ಹೋಗಲಾಗದ ಮನೆಗಳಿಗೆ ಇದು ಎಷ್ಟು ದೊಡ್ಡ ವಿಷಯ!

ಮಗುವಿಗೆ ಇಷ್ಟವಾದುದರ ಮೂಲಕವೇ ಅದರ ಹತ್ತಿರ ಹೋದ ಒಬ್ಬ ಅಪ್ಪನ ಕಥೆ ಹೇಳುತ್ತೇನೆ. ಅಮೆರಿಕದ ಪತ್ರಕರ್ತ ರಾನ್ ಸಸ್ಕಿಂಡ್ ಅವರ ಮಗ ಓವನ್ ಮೂರು ತುಂಬುವ ಹೊತ್ತಿಗೆ ಮಾತು ಕಳೆದುಕೊಂಡಿದ್ದ. ಡಿಸ್ನಿ ಚಿತ್ರಗಳೆಂದರೆ ಮಾತ್ರ ಪ್ರಾಣ. ಒಂದು ಸಂಜೆ ತಂದೆ ಹೊದಿಕೆಯಡಿ ಅಡಗಿ, 'ಅಲಾದ್ದೀನ್' ಚಿತ್ರದ ಗಿಳಿಯ ಬೊಂಬೆಯನ್ನು ಮೇಲೆತ್ತಿ, ಅದರದೇ ದನಿಯಲ್ಲಿ ಮಾತಾಡಿಸಿದರು. ಹುಡುಗ ಗಿಳಿಗೆ ಉತ್ತರ ಕೊಟ್ಟ: ತನಗೆ ಖುಷಿಯಿಲ್ಲ, ಸ್ನೇಹಿತರಿಲ್ಲ ಎಂದ. ಎಲ್ಲ ಮಕ್ಕಳಿಗೂ ಹೀಗೆ ಮಾತು ಬರುತ್ತದೆಂದಲ್ಲ. ಕೆಲವರು ಚಿತ್ರ ತೋರಿಸಿ, ಸನ್ನೆ ಮಾಡಿ, ಟ್ಯಾಬ್ ಒತ್ತಿ ಹೇಳುತ್ತಾರೆ. ಚಿತ್ರ ಕೊಟ್ಟರೆ ಮಾತು ನಿಂತುಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆ ನಿನಗೂ ಬಂದಿರಬಹುದು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳಿಗೆ ತೊಂದರೆಯಾಗುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಕನ್ನಡ ಬಿಟ್ಟರೆ ಮೊಮ್ಮಗುವಿನ ಮುಂದೆ ಅಜ್ಜಿ ಮೂಕಿಯಾಗುತ್ತಾಳೆ, ಅಷ್ಟೆ. ಅದು ನನಗೆ ಸಹಿಸಲಾಗದ ಮಾತು.

ಮಿಕ್ಸಿ ಸದ್ದಿಗೆ, ಮದುವೆ ಮನೆಯ ವಾಲಗಕ್ಕೆ ಮಗು ಕಿವಿ ಮುಚ್ಚಿ ಅತ್ತರೆ ಅದು ಹಟವಲ್ಲ. ಆ ಸದ್ದು ಅದಕ್ಕೆ ನಿಜವಾಗಿಯೂ ಸಂಕಟ. ಮೊದಲೇ ತಿಳಿಸು, ಹೊರಗೆ ಕರೆದುಕೊಂಡು ಹೋಗು. ಇನ್ನೊಂದು ಎಚ್ಚರಿಕೆ: ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಆಟಿಸಂ ಗುಣಪಡಿಸುತ್ತೇವೆನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆಯನ್ನೂ ಮಾತಿನ ತಪಾಸಣೆಯನ್ನೂ ಮಾಡಿಸು. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಆಟಿಸಂ ಸೇರಿರುವುದರಿಂದ ಅಂಗವಿಕಲರ ಗುರುತಿನ ಚೀಟಿಗೂ ಅರ್ಜಿ ಹಾಕು. ತಪಾಸಣೆಗೆ ಹೋಗುವಾಗ ನಿನ್ನ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗು. ಅಲ್ಲಿ ಹೇಳುವುದನ್ನು ಅವರೂ ನೇರವಾಗಿ ಕೇಳಲಿ.

ನಿನ್ನ,
ದೊಡ್ಡಮ್ಮ