ಚಳಿಜ್ವರದ ರೋಗಾಣುವೂ ಬೆಂಗಳೂರಿನ ಒಂದು ಸಂಶೋಧನೆಯೂ

ಮಲ್ಲಿಪಟ್ಟಣದ ನಮ್ಮ ಸೀಮೆಯ ಹಿರಿಯರು ಮಲೇರಿಯವನ್ನು ಚಳಿಜ್ವರವೆಂದೇ ಕರೆಯುತ್ತಾರೆ. ಮಲೆನಾಡನ್ನೂ ಅದರ ಅಂಚಿನ ಊರುಗಳನ್ನೂ ಅದು ಹಿಂದೆ ಬಹುವಾಗಿ ಕಾಡಿತ್ತು. 1947ರ ಸುಮಾರಿನಲ್ಲಿ ಭಾರತದಲ್ಲಿ ವರ್ಷಕ್ಕೆ 7.5 ಕೋಟಿ ಜನ ಈ ಜ್ವರಕ್ಕೆ ತುತ್ತಾಗುತ್ತಿದ್ದರೆಂದೂ 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು ಮಾಡಲಾಗಿದೆ. 1953ರಲ್ಲಿ ಮೊದಲಾದ ರಾಷ್ಟ್ರೀಯ ಯೋಜನೆಯಲ್ಲಿ ಡಿ.ಡಿ.ಟಿ. ಸಿಂಪಡಿಸಿದ್ದರಿಂದ ಪಿಡುಗು ಬಹಳ ಮಟ್ಟಿಗೆ ಅಡಗಿತು. ಆದರೆ ಸೊಳ್ಳೆ ಡಿ.ಡಿ.ಟಿ.ಗೂ ರೋಗಾಣು ಕ್ಲೋರೋಕ್ವಿನ್ ಮಾತ್ರೆಗೂ ಜಗ್ಗದಂತಾದವು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷವನ್ನು ಮೀರಿತು. ಹಳೆಯ ಆಯುಧ ಮೊಂಡಾದಾಗ ಹೊಸದನ್ನು ಹುಡುಕಬೇಕು. ಅದಕ್ಕೆ ಶತ್ರುವಿನ ಒಳಗುಟ್ಟು ತಿಳಿಯಬೇಕು.

ಈ ಒಳಗುಟ್ಟನ್ನು ಅರಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಜಿ. ಪದ್ಮನಾಭನ್ ಅವರು ಪ್ರಮುಖರು. 1938ರಲ್ಲಿ ಜನಿಸಿದ ಇವರು 1966ರಲ್ಲಿ ಅದೇ ಸಂಸ್ಥೆಯಿಂದ ಡಾಕ್ಟರೇಟ್ ಪಡೆದು, 1994ರಿಂದ 1998ರ ವರೆಗೆ ಅದರ ನಿರ್ದೇಶಕರಾಗಿದ್ದರು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದರೂ ಇವರ ಸಂಶೋಧನೆಯ ತಿರುಳು ನಮ್ಮಂಥವರಿಗೆ ಎಟುಕದಂಥದಲ್ಲ.

ನಮ್ಮ ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್‌ನಲ್ಲಿ ಎರಡು ಭಾಗಗಳಿವೆ. ಒಂದು ಗ್ಲೋಬಿನ್ ಎಂಬ ಪ್ರೋಟೀನು. ಇನ್ನೊಂದು ಕಬ್ಬಿಣವನ್ನೊಳಗೊಂಡ ಹೀಮ್. ಮಲೇರಿಯದ ರೋಗಾಣು ಕೆಂಪು ರಕ್ತಕಣವನ್ನು ಹೊಕ್ಕು ಹಿಮೋಗ್ಲೋಬಿನನ್ನು ತಿನ್ನುತ್ತದೆ. ಗ್ಲೋಬಿನ್ ಅದಕ್ಕೆ ಆಹಾರ. ಉಳಿದ ಹೀಮ್ ವಿಪರೀತವಾದರೆ ಅದಕ್ಕೇ ವಿಷ. ಆದ್ದರಿಂದ ಅದನ್ನು ಹರಳುಗಟ್ಟಿಸಿ ಒಂದು ಮೂಲೆಗೆ ಒತ್ತರಿಸುತ್ತದೆ. ಕ್ಲೋರೋಕ್ವಿನ್ ತಡೆಯುವುದು ಈ ಹರಳುಗಟ್ಟಿಸುವ ಕೆಲಸವನ್ನೇ.

ಇಷ್ಟೊಂದು ಹೀಮ್ ಸುತ್ತಲೂ ಇರುವಾಗ ರೋಗಾಣುವು ತಾನೇ ಹೀಮ್ ತಯಾರಿಸುವ ಗೋಜಿಗೆ ಹೋಗುವುದುಂಟೆ? ಹೋಗುತ್ತದೆಂದು 1992ರಲ್ಲಿ ಪದ್ಮನಾಭನ್ ಅವರೂ ನಮಿತಾ ಸುರೋಲಿಯಾ ಅವರೂ ತೋರಿಸಿಕೊಟ್ಟರು. ಛತ್ರದಲ್ಲಿ ಪುಷ್ಕಳವಾಗಿ ಉಣ್ಣುವವನು ಮನೆಯಲ್ಲೂ ಒಲೆ ಹೊತ್ತಿಸಿದಂತಾಯಿತು ಇದು! ಆ ತಯಾರಿಕೆಯನ್ನು ತಡೆಯುವ ರಾಸಾಯನಿಕವನ್ನು ಬೆರೆಸಿದಾಗ ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಾಣುಗಳು ಸತ್ತವು. ಇಲ್ಲಿ ಹೊಸ ಔಷಧಕ್ಕೆ ಒಂದು ಗುರಿ ಸಿಕ್ಕಿತೆಂದು ಅವರು ಸೂಚಿಸಿದರು. ಈ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ರೋಗಾಣುವು ನಮ್ಮ ರಕ್ತಕಣದಿಂದಲೇ ಒಳಗೆ ಸಾಗಿಸಿಕೊಳ್ಳುತ್ತದೆಂಬುದನ್ನೂ ಮುಂದೆ ಇದೇ ಪ್ರಯೋಗಾಲಯದವರು ಪ್ರಕಟಿಸಿದರು.

ಆದರೆ ಈ ಒಲೆ ಯಾವ ಹೊತ್ತಿಗಾಗಿ? ಇದಕ್ಕೆ ಉತ್ತರ ಸಿಗಲು ಇಪ್ಪತ್ತು ವರ್ಷಗಳೇ ಬೇಕಾದವು. ಜೀನುಗಳನ್ನು ತೆಗೆದುಹಾಕುವ ವಿಧಾನ ಕೈಗೆ ಬಂದ ಮೇಲೆ, ಇಲಿಗಳಿಗೆ ತಗಲುವ ಮಲೇರಿಯ ರೋಗಾಣುವಿನಲ್ಲಿ ಹೀಮ್ ತಯಾರಿಸುವ ಜೀನುಗಳನ್ನು ಅವರ ತಂಡ ತೆಗೆದು ನೋಡಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾದುದು. ಅಂಥ ರೋಗಾಣು ರಕ್ತದಲ್ಲಿ ಬೆಳೆಯಿತು. ಅಲ್ಲಿ ಛತ್ರದ ಊಟವೇ ಸಾಕಾಯಿತು. ಆದರೆ ಸೊಳ್ಳೆಯ ದೇಹದಲ್ಲಿ ಅದರ ಬೆಳವಣಿಗೆ ಪೂರ್ಣವಾಗಲಿಲ್ಲ. ಯಕೃತ್ತಿನಲ್ಲಿ ಬೆಳೆಯುವುದಕ್ಕೂ ಸ್ವಂತ ಹೀಮ್ ಬೇಕೇ ಬೇಕೆಂದು ತಿಳಿದುಬಂತು. ಸೊಳ್ಳೆ ಕಚ್ಚಿದೊಡನೆ ರೋಗಾಣು ಮೊದಲು ಸೇರುವುದು ಯಕೃತ್ತನ್ನು. ಜ್ವರ ಬರುವುದು ಅಲ್ಲಿಂದ ರಕ್ತಕ್ಕೆ ಇಳಿದ ಮೇಲೆ. ಹೀಗಾಗಿ ಈ ಗುರಿಗೆ ಹೊಡೆಯುವ ಔಷಧವು, ಬಂದ ಜ್ವರವನ್ನು ಇಳಿಸುವುದಕ್ಕಿಂತ ಜ್ವರ ಬರದಂತೆಯೂ ಒಬ್ಬರಿಂದ ಒಬ್ಬರಿಗೆ ಹರಡದಂತೆಯೂ ತಡೆಯಲು ಹೆಚ್ಚು ತಕ್ಕದ್ದೆಂದು ತೋರುತ್ತದೆ. ಗುರಿ ಗೊತ್ತಾದ ಮಾತ್ರಕ್ಕೆ ಔಷಧ ಕೈಗೆ ಬಂದಂತಲ್ಲ. ಆದರೆ ಬಾಣವನ್ನು ಯಾವ ಕಡೆಗೆ ಬಿಡಬೇಕೆಂಬುದು ಸ್ಪಷ್ಟವಾಯಿತು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಈ ಕಡೆಯ ಅಂಶ. 1992ರ ಮಾತಿಗೆ 2013ರಲ್ಲಿ ಮೇರೆ ಕಟ್ಟಿದವರು ಎದುರಾಳಿಗಳಲ್ಲ. ಆ ಮಾತನ್ನು ಮೊದಲು ಆಡಿದವರೇ. ಆಗ ಪದ್ಮನಾಭನ್ ಅವರಿಗೆ ಎಪ್ಪತ್ತೈದರ ವಯಸ್ಸು. ತಾನು ಹಿಂದೆ ಕಂಡದ್ದು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ಅಲ್ಲ ಎಂದು ಮತ್ತೆ ಒರೆಗೆ ಹಚ್ಚುವ ಈ ಬುದ್ಧಿ ವಿಜ್ಞಾನದವರಿಗಷ್ಟೇ ಮೀಸಲಾದುದಲ್ಲ. ಶಾಸನವನ್ನೋ ಕಾವ್ಯವನ್ನೋ ಓದುವ ನಮಗೂ ಅದು ಬೇಕು. 2030ರೊಳಗೆ ಮಲೇರಿಯವನ್ನು ತೊಡೆದುಹಾಕಬೇಕೆಂದು ನಮ್ಮ ದೇಶ ಗುರಿಯಿಟ್ಟುಕೊಂಡಿದೆ. ಆ ದಾರಿಯಲ್ಲಿ ಊರ ಚರಂಡಿಯನ್ನು ಶುಚಿಯಾಗಿಡುವ ಕೈಗಳಷ್ಟೇ, ಬೆಂಗಳೂರಿನ ಪ್ರಯೋಗಾಲಯದಲ್ಲಿ ತಾಳ್ಮೆಯಿಂದ ದುಡಿದ ಕೈಗಳೂ ನಮ್ಮವೇ ಎಂಬುದನ್ನು ನಾವು ಮರೆಯಬಾರದು.